ರಾತ್ರಿ ಪಾಳಿಗೆ ದೇಹ ಒಗ್ಗುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಪ್ಯಾಕಿಂಗ್ ಘಟಕವೊಂದರಲ್ಲಿ ಯಂತ್ರ ನಡೆಸುವ ಕೆಲಸ. ಆರು ವರ್ಷದಿಂದ ವಾರಕ್ಕೊಂದು ಪಾಳಿ ಬದಲಾಗುತ್ತಿದೆ: ಒಂದು ವಾರ ರಾತ್ರಿ 10ರಿಂದ ಬೆಳಿಗ್ಗೆ 6, ಮರುವಾರ ಮಧ್ಯಾಹ್ನ 2ರಿಂದ ರಾತ್ರಿ 10, ಅದರ ಮುಂದಿನ ವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 2. ವಾರಕ್ಕೆ ಒಂದು ರಜೆ. ರಾತ್ರಿ ಪಾಳಿಯ ವಾರದಲ್ಲಿ ಹಗಲು ನಾಲ್ಕೈದು ಗಂಟೆಗಿಂತ ಹೆಚ್ಚು ನಿದ್ದೆ ಹತ್ತುವುದಿಲ್ಲ. ಎದೆಯುರಿ, ಮಲಬದ್ಧತೆ ಇವೆ. ಮೊನ್ನೆ ಖಾಲಿ ಹೊಟ್ಟೆಯ ಶುಗರ್ 114 ಬಂತು. ಮನೆಗೆ ಬೈಕ್‌ನಲ್ಲಿ 40 ನಿಮಿಷದ ದಾರಿ. ಕಾಯಂ ರಾತ್ರಿ ಪಾಳಿ ತೆಗೆದುಕೊಂಡರೆ ದೇಹ ಒಗ್ಗಿಕೊಳ್ಳುತ್ತದೆ ಎನ್ನುತ್ತಾರೆ ಜೊತೆಯವರು. ನಿಜವೇ?

ಉತ್ತರ: ಬಹುಪಾಲು ಜನರಿಗೆ ಒಗ್ಗುವುದಿಲ್ಲ. ದಣಿವಿನಲ್ಲೇ ಕೆಲಸ ಮಾಡುವುದು ರೂಢಿಯಾಗುತ್ತದೆ, ಮನೆಯವರೂ ಹೊಂದಿಕೊಳ್ಳುತ್ತಾರೆ. ಆದರೆ ದೇಹದೊಳಗಿನ ಗಡಿಯಾರ ಹಗಲಿಗೇ ಅಂಟಿಕೊಂಡಿರುತ್ತದೆ. ಕಾಯಂ ರಾತ್ರಿ ಪಾಳಿಯವರಲ್ಲಿ ಮೆಲಟೋನಿನ್‌ನ (ರಾತ್ರಿಯಾಯಿತೆಂದು ದೇಹಕ್ಕೆ ಹೇಳುವ ಹಾರ್ಮೋನು) ಏರಿಳಿತವನ್ನು ಅಳೆದ ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಪೂರ್ತಿಯಾಗಿ ರಾತ್ರಿಗೆ ಹೊಂದಿಕೊಂಡವರು ನೂರಕ್ಕೆ ಮೂವರಿಗಿಂತ ಕಡಿಮೆ ಎಂದು ತಿಳಿಯಿತು. ತಕ್ಕಮಟ್ಟಿಗೆ ಪ್ರಯೋಜನವಾಗುವಷ್ಟು ಹೊಂದಿಕೊಂಡವರೂ ಕಾಲುಭಾಗದೊಳಗೇ. ಆದ್ದರಿಂದ ‘ಒಗ್ಗಿಸಿಕೊಳ್ಳುವ’ ಆಸೆಯಿಂದ ಕಾಯಂ ರಾತ್ರಿ ಪಾಳಿ ಕೇಳಬೇಡಿ. ಒಗ್ಗದ ದೇಹಕ್ಕೆ ಆಗುವ ಹಾನಿಯನ್ನು ಕಡಿಮೆ ಮಾಡುವುದು ನಿಮ್ಮ ಗುರಿಯಾಗಲಿ. ಅದು ಸಾಧ್ಯವಿದೆ, ಸಾಕಷ್ಟು ಮಟ್ಟಿಗೆ.

ಗಡಿಯಾರ ಏಕೆ ಹೀಗೆ ಹಟ ಹಿಡಿಯುತ್ತದೆ ಎಂದು ತಿಳಿದರೆ ಮುಂದಿನ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್‌ನಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ನಿದ್ದೆ, ಉಷ್ಣತೆ, ಹಾರ್ಮೋನು, ಜೀರ್ಣಕ್ರಿಯೆ, ರಕ್ತದೊತ್ತಡ ಎಲ್ಲಕ್ಕೂ ಹೊತ್ತು ಹೇಳುವುದು ಅದೇ. ಅದರ ಸಹಜ ಸುತ್ತು 24 ಗಂಟೆಗಿಂತ ಕೆಲವೇ ನಿಮಿಷ ಉದ್ದ. ದಿನವೂ ಅದನ್ನು ಸರಿಪಡಿಸುವುದು ಬೆಳಕು. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕಿಂತ ಹೆಚ್ಚಾಗಿ ಹೊತ್ತು ತಿಳಿಯುವುದಕ್ಕೆಂದೇ ಇರುವ ಕೆಲವು ಕೋಶಗಳಿವೆ, ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ನೀವು ರಾತ್ರಿಯಿಡೀ ಕೆಲಸ ಮಾಡಿ ಗಡಿಯಾರವನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದಿರಿ ಎಂದುಕೊಳ್ಳಿ. ಬೆಳಿಗ್ಗೆ ಬೈಕ್ ಏರಿ ಹೊರಟಾಗ ಕಣ್ಣಿಗೆ ಬೀಳುವ ಬಿಸಿಲು ಘಟಕದ ದೀಪಕ್ಕಿಂತ ಹತ್ತಾರು ಪಟ್ಟು ಪ್ರಖರ. ರಾತ್ರಿಯ ಶ್ರಮವನ್ನೆಲ್ಲ ಅದು ಅಳಿಸಿಹಾಕುತ್ತದೆ. ಅಲ್ಲದೆ, ಎಲ್ಲ ಅನುಕೂಲವಿದ್ದರೂ ಗಡಿಯಾರ ಸರಿಯುವುದು ದಿನಕ್ಕೆ ಸುಮಾರು ಒಂದು ಗಂಟೆ. ರಾತ್ರಿ ಪಾಳಿಗೆ ಬೇಕಾದದ್ದು ಎಂಟು–ಹತ್ತು ಗಂಟೆಯ ಸರಿತ. ಆರು ರಾತ್ರಿಯಲ್ಲಿ ಅದು ಗುರಿ ಮುಟ್ಟಿರುವುದಿಲ್ಲ, ಅಷ್ಟರಲ್ಲಿ ನಿಮ್ಮ ಪಾಳಿ ಬದಲು.

ನಿಮ್ಮ ನಾಲ್ಕೈದು ಗಂಟೆಯ ನಿದ್ದೆಗೂ ಕಾರಣ ಇದೇ, ನಿಮ್ಮಲ್ಲಿ ಬೇರೆ ದೋಷವೇನೂ ಇರಬೇಕಿಲ್ಲ. ಎಷ್ಟು ಹೊತ್ತು ಎಚ್ಚರವಿದ್ದೆವೋ ಅಷ್ಟು ನಿದ್ದೆಯ ಒತ್ತಡ ಮೆದುಳಿನಲ್ಲಿ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಮಲಗಿದ ತಕ್ಷಣ ನಿದ್ದೆ ಹತ್ತುವುದು ಅದರಿಂದ. ನಾಲ್ಕೈದು ಗಂಟೆಯಲ್ಲಿ ಆ ಒತ್ತಡದ ಬಹುಪಾಲು ಇಳಿಯುತ್ತದೆ. ಅದೇ ಹೊತ್ತಿಗೆ ಗಡಿಯಾರ ದೇಹದ ಉಷ್ಣತೆಯನ್ನು ಏರಿಸುತ್ತಾ ‘ಹಗಲಾಯಿತು, ಏಳು’ ಎನ್ನುತ್ತಿರುತ್ತದೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಫಕ್ಕನೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಹೀಗೆ. ಹಾಸಿಗೆಯಲ್ಲಿ ಹೊರಳಾಡಿ ಪ್ರಯೋಜನವಿಲ್ಲ. ಎದ್ದುಬಿಡಿ, ಉಳಿದ ನಿದ್ದೆಯನ್ನು ಸಂಜೆ ಪಡೆಯಿರಿ.

ಅಂದರೆ ನಿದ್ದೆಯನ್ನು ಎರಡು ಕಂತು ಮಾಡಿಕೊಳ್ಳಿ. ಬೆಳಿಗ್ಗೆ 7.30ರಿಂದ 12.30, ಮತ್ತೆ ಸಂಜೆ 6ರಿಂದ 7.30. ಸಂಜೆಯದು ಒಂದೂವರೆ ಗಂಟೆ ಇರಲಿ, ಒಂದು ಪೂರ್ತಿ ನಿದ್ದೆಯ ಸುತ್ತಿಗೆ ಹೆಚ್ಚೂಕಡಿಮೆ ಅಷ್ಟು ಬೇಕು. ಮನೆಗೆ ಬಂದ ಮೇಲೆ ‘ಸ್ವಲ್ಪ ಕೆಲಸ ಮುಗಿಸಿ ಮಲಗುತ್ತೇನೆ’ ಎಂದು ಹತ್ತು ಗಂಟೆಯವರೆಗೆ ಎಳೆಯುವುದು ಬಹಳ ಜನ ಮಾಡುವ ತಪ್ಪು. ತಡವಾದಷ್ಟೂ ಗಡಿಯಾರದ ಏರುಗತಿಗೆ ಎದುರಾಗಿ ಮಲಗಿದಂತೆ, ಸಿಗುವ ನಿದ್ದೆ ಅಷ್ಟೇ ಚಿಕ್ಕದು. ರಾತ್ರಿ ಪಾಳಿಯ ಮೊದಲ ದಿನ ಮಧ್ಯಾಹ್ನ 2ರ ಹೊತ್ತಿಗೆ ಒಂದೂವರೆ ಗಂಟೆ ಮಲಗಿಯೇ ಹೋಗಿ. ಬೆಳಿಗ್ಗೆ ಆರಕ್ಕೆ ಎದ್ದವರು ಮಲಗದೆ ಪಾಳಿಗೆ ಹೋದರೆ ಪಾಳಿ ಮುಗಿಯುವ ಹೊತ್ತಿಗೆ 24 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತಿನ ಎಚ್ಚರ ಕೈ–ಕಣ್ಣಿನ ಹೊಂದಾಣಿಕೆಯನ್ನು ರಕ್ತದಲ್ಲಿ ಶೇ 0.10ರಷ್ಟು ಮದ್ಯವಿದ್ದಾಗಿನ ಮಟ್ಟಕ್ಕೆ ಇಳಿಸುತ್ತದೆ ಎಂದು 1997ರ ಪ್ರಯೋಗವೊಂದು ತೋರಿಸಿದೆ. ಕೊನೆಯ ರಾತ್ರಿ ಮುಗಿದ ಬೆಳಿಗ್ಗೆ ಮಾತ್ರ ಎರಡು ಗಂಟೆ ಮಲಗಿ ಎದ್ದು, ಹಗಲು ಹೊರಗೆ ಓಡಾಡಿ, ಆ ರಾತ್ರಿ ಬೇಗ ಮಲಗಿ.

ಮಲಗುವ ಕೋಣೆಯನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿ. ನಡುಮಧ್ಯಾಹ್ನ ಕಿಟಕಿ, ಬಾಗಿಲು ಮುಚ್ಚಿ ಐದು ನಿಮಿಷ ಒಳಗೆ ನಿಲ್ಲಿ, ಕಣ್ಣು ಕತ್ತಲೆಗೆ ಹೊಂದಲಿ. ಆಮೇಲೆ ಕೈಯನ್ನು ಮುಖದೆದುರು ಚಾಚಿ. ಬೆರಳುಗಳನ್ನು ಎಣಿಸಲು ಆಗುತ್ತಿದ್ದರೆ ಬೆಳಕು ಹೆಚ್ಚಾಯಿತು. ಪರದೆ ದಪ್ಪವಿದ್ದರೂ ಅದರ ಮೇಲ್ತುದಿ, ಎರಡು ಪಕ್ಕ ಮತ್ತು ಬಾಗಿಲ ಕೆಳಗಿನ ಸಂದಿಯಿಂದ ಬೆಳಕು ನುಗ್ಗುತ್ತದೆ. ಪರದೆಯನ್ನು ಕಿಟಕಿ ಚೌಕಟ್ಟಿಗಿಂತ ಗೇಣಗಲ ದೊಡ್ಡದಾಗಿ ಹೊಲಿಸಿ ಗೋಡೆಗೆ ತಾಗುವಂತೆ ಕಟ್ಟಿ, ಬಾಗಿಲ ಕೆಳಗೆ ಬಟ್ಟೆ ಸುರುಳಿ ಇಡಿ. ಅದಾಗದಿದ್ದರೆ ಕಣ್ಣುಪಟ್ಟಿ. ಸದ್ದಿನ ವಿಷಯದಲ್ಲಿ ನಿದ್ದೆ ಕೆಡಿಸುವುದು ಒಂದೇ ಸಮನೆ ಬರುವ ಶಬ್ದಕ್ಕಿಂತ ಹಠಾತ್ತನೆ ಬರುವ ಶಬ್ದ. ಫ್ಯಾನಿನ ಏಕನಾದ ಇಂಥ ಸದ್ದುಗಳನ್ನು ಸ್ವಲ್ಪ ಮುಚ್ಚುತ್ತದೆ, ಕೋಣೆಯನ್ನೂ ತಂಪಾಗಿಡುತ್ತದೆ. ಫೋನ್ ಸೈಲೆಂಟ್‌ನಲ್ಲಿರಲಿ, ತುರ್ತಿಗೆ ಮನೆಯವರ ಒಂದೇ ನಂಬರ್ ಮಾತ್ರ ರಿಂಗ್ ಆಗುವಂತೆ ಮಾಡಿ. ರಾತ್ರಿ ಎರಡು ಗಂಟೆಗೆ ಯಾರೂ ಕರೆ ಮಾಡಿ ‘ಏನೂ ಇಲ್ಲ, ಸುಮ್ಮನೆ ಮಾಡಿದೆ’ ಎನ್ನುವುದಿಲ್ಲ. ನಿಮ್ಮ ಬೆಳಿಗ್ಗೆ ಹತ್ತು ಗಂಟೆಗೂ ಅದೇ ಮರ್ಯಾದೆ ಸಿಗಬೇಕು, ಇದನ್ನು ಮನೆಯವರಿಗೂ ನೆಂಟರಿಗೂ ಬಾಯಿಬಿಟ್ಟು ಹೇಳಲೇಬೇಕು.

ಈಗ ಶುಗರ್. ಖಾಲಿ ಹೊಟ್ಟೆಯಲ್ಲಿ 100ರಿಂದ 125ರವರೆಗಿನ ಅಂಕಿ ಮಧುಮೇಹವಲ್ಲ, ಅದರ ಹೊಸ್ತಿಲು. ಆದರೆ ಮೊದಲು ಕೇಳಬೇಕಾದ್ದು, ರಕ್ತ ಕೊಟ್ಟದ್ದು ಯಾವಾಗ? ರಾತ್ರಿ ಪಾಳಿ ಮುಗಿಸಿ ನೇರ ಲ್ಯಾಬಿಗೆ ಹೋಗಿದ್ದರೆ, ನಡುವೆ ಸಕ್ಕರೆ ಹಾಕಿದ ಚಹಾ ಕುಡಿದಿದ್ದರೆ, ಅದು ಖಾಲಿ ಹೊಟ್ಟೆಯ ಪರೀಕ್ಷೆಯೇ ಅಲ್ಲ. ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಿರಬಾರದು. ಏನೂ ತಿನ್ನದಿದ್ದರೂ ನಿದ್ದೆಗೆಟ್ಟ ರಾತ್ರಿಯ ಮರುಬೆಳಿಗ್ಗೆ ಅಂಕಿ ಮೇಲೇರಿರಬಹುದು. ಬೆಳಿಗ್ಗೆ ಪಾಳಿಯ ವಾರದ ಕೊನೆಗೆ, ರಾತ್ರಿ ಸರಿಯಾಗಿ ಮಲಗೆದ್ದು ಇನ್ನೊಮ್ಮೆ ಮಾಡಿಸಿ. ಜೊತೆಗೆ ಎಚ್‌ಬಿಎ1ಸಿ ಮಾಡಿಸಿ. ಅದು ಹಿಂದಿನ ಎರಡು–ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ ಪಾಳಿಯ ಗೊಂದಲ ಅದಕ್ಕೆ ತಟ್ಟುವುದಿಲ್ಲ. 5.7ರಿಂದ 6.4 ಬಂದರೆ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಖಚಿತಪಡಿಸಿಕೊಂಡು ಚಿಕಿತ್ಸೆ ಶುರು ಮಾಡುತ್ತಾರೆ.

ರಾತ್ರಿ ಪಾಳಿಗೂ ಶುಗರಿಗೂ ಇರುವ ನಂಟು ಬರೀ ‘ಹೊತ್ತಲ್ಲದ ಹೊತ್ತಿನ ತಿಂಡಿ’ಯದಲ್ಲ. ತಿಂದದ್ದು ಅದೇ, ಅಷ್ಟೇ ಆದರೂ ರಾತ್ರಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ರಾತ್ರಿಯ ಹೊತ್ತು ಇನ್ಸುಲಿನ್ ಪ್ರತಿಕ್ರಿಯೆ ಮಂದ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 19 ಜನರನ್ನು ಕೃತಕ ರಾತ್ರಿ ಪಾಳಿಯಲ್ಲಿ ಇರಿಸಿ, ಒಂದು ಗುಂಪಿಗೆ ಹಗಲೂ ರಾತ್ರಿಯೂ, ಇನ್ನೊಂದಕ್ಕೆ ಹಗಲು ಮಾತ್ರ ಊಟ ಕೊಟ್ಟರು. ರಾತ್ರಿಯೂ ಉಂಡವರ ಸಕ್ಕರೆ ಏರಿತು, ಹಗಲು ಮಾತ್ರ ಉಂಡವರದು ಏರಲಿಲ್ಲ. ನಿದ್ದೆಗೇಡು ಇಬ್ಬರಿಗೂ ಒಂದೇ ಆಗಿತ್ತು. ಸಣ್ಣ ಪ್ರಯೋಗ ನಿಜ. ಆದರೂ ಇದರಲ್ಲಿ ನಮಗೆ ಒಂದು ದಾರಿ ಇದೆ: ಪಾಳಿ ನಮ್ಮ ಕೈಯಲ್ಲಿಲ್ಲದಿದ್ದರೂ ಊಟದ ಹೊತ್ತು ನಮ್ಮ ಕೈಯಲ್ಲಿದೆ.

ಹಾಗಾಗಿ ಮುಖ್ಯ ಊಟ ರಾತ್ರಿ 8ರೊಳಗೆ ಮುಗಿಯಲಿ. ನಡುರಾತ್ರಿಯಿಂದ ಬೆಳಿಗ್ಗೆ ಐದಾರರವರೆಗೆ ನೀರು ಮಾತ್ರ ಇದ್ದರೆ ಉತ್ತಮ. ತಡೆಯಲಾಗದಷ್ಟು ಹಸಿವಾದರೆ ರಾತ್ರಿ 1ರೊಳಗೆ ಸ್ವಲ್ಪ ಮೊಸರು, ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜದಂಥದ್ದು. ಬೆಳಗಿನ ಜಾವ ಮೂರು–ನಾಲ್ಕಕ್ಕೆ ಸಿಹಿ, ಕರಿದದ್ದು ಬೇಕೆನಿಸುವುದಕ್ಕೆ ಕಾರಣವಿದೆ. ನಿದ್ದೆ ಕಡಿಮೆಯಾದಾಗ ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿಯುತ್ತದೆ, ಹಸಿವಿನ ಗ್ರೆಲಿನ್ ಏರುತ್ತದೆ. ಅದು ಹೊಟ್ಟೆಯ ಹಸಿವಿಗಿಂತ ನಿದ್ದೆಯ ಹಸಿವು, ಎದ್ದು ಹತ್ತು ನಿಮಿಷ ನಡೆದಾಡಿದರೆ ಬಹುಮಟ್ಟಿಗೆ ಹೋಗುತ್ತದೆ. ಮನೆಗೆ ಬಂದು ಏನೂ ತಿನ್ನದೆ ಮಲಗಿದರೆ ಹತ್ತು ಗಂಟೆಗೇ ಹಸಿದು ಎಚ್ಚರವಾಗಬಹುದು. ಆದ್ದರಿಂದ ಸ್ವಲ್ಪ, ಎಣ್ಣೆ–ಖಾರವಿಲ್ಲದ ತಿಂಡಿ ತಿಂದು ಮಲಗಿ.

ಎದೆಯುರಿಗೆ ಇದರಿಂದಲೇ ಅರ್ಧ ಪರಿಹಾರ. ರಾತ್ರಿ ಜಠರ ಖಾಲಿಯಾಗುವುದು ನಿಧಾನ, ಅದರ ಮೇಲೆ ನಡುರಾತ್ರಿಯ ಭಾರಿ ಊಟ, ಮತ್ತೆ ಮತ್ತೆ ಕಾಫಿ, ಬಂದ ಕೂಡಲೇ ಮಲಗುವುದು. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಇಟ್ಟಿಗೆ ಕೊಟ್ಟು, ಎಡಮಗ್ಗುಲಾಗಿ ಮಲಗಿ. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಿಚಿಕೊಂಡು ಉರಿ ಇನ್ನೂ ಹೆಚ್ಚಬಹುದು. ವೈದ್ಯರು ಒಮೆಪ್ರಜೋಲ್‌ನಂಥ ಮಾತ್ರೆ ಬರೆದಿದ್ದರೆ ‘ಬೆಳಿಗ್ಗೆ ಒಂದು’ ಎಂಬುದನ್ನು ಗಡಿಯಾರದ ಬೆಳಿಗ್ಗೆ ಎಂದುಕೊಳ್ಳಬೇಡಿ. ಎದ್ದು ಮೊದಲ ಊಟ ಮಾಡುವ ಅರ್ಧ–ಒಂದು ಗಂಟೆ ಮುಂಚೆ ಅದನ್ನು ನುಂಗಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ನುಂಗುವ ಅಭ್ಯಾಸ ಇದ್ದರೆ ವೈದ್ಯರಿಗೆ ತಿಳಿಸಿ, ಜಠರದ ಹುಣ್ಣಿಗೆ ಅದೊಂದು ದೊಡ್ಡ ಕಾರಣ. ಮಲ ಟಾರಿನಂತೆ ಕಪ್ಪಾದರೆ, ನುಂಗಲು ಕಷ್ಟವಾದರೆ, ತೂಕ ತಾನಾಗಿಯೇ ಇಳಿದರೆ ಕಾಯದೆ ತೋರಿಸಿ. ಮಲಬದ್ಧತೆಗೆ ನೀರು, ನಾರು, ನಡಿಗೆ ಎಲ್ಲರಿಗೂ ಗೊತ್ತಿರುವುದೇ. ನಿಮಗೆ ಸೇರಿಸಬೇಕಾದ್ದು, ಎದ್ದು ಮೊದಲ ಊಟವಾದ ಮೇಲೆ ಹತ್ತು ನಿಮಿಷ ಶೌಚಾಲಯಕ್ಕೆಂದೇ ಇಟ್ಟುಕೊಳ್ಳಿ, ಆ ಹೊತ್ತಿಗೆ ಕರುಳು ಚುರುಕಾಗಿರುತ್ತದೆ.

ಕಾಫಿ, ಚಹಾ ಪಾಳಿಯ ಮೊದಲರ್ಧಕ್ಕೆ ಸೀಮಿತವಾಗಿರಲಿ. ಕುಡಿದ ಕೆಫೀನಿನ ಅರ್ಧಭಾಗ ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ನಾಲ್ಕು ಗಂಟೆಗೆ ಗಟ್ಟಿ ಕಾಫಿ ಕುಡಿದು ಏಳೂವರೆಗೆ ಮಲಗಿದರೆ ನಿದ್ದೆ ಬಂದರೂ ಆಳ ಇರುವುದಿಲ್ಲ. ಒಮ್ಮೆಗೇ ದೊಡ್ಡ ಲೋಟದ ಬದಲು ರಾತ್ರಿ 10ರಿಂದ 1ರ ನಡುವೆ ಎರಡು ಸಣ್ಣ ಕಪ್ ಸಾಕು. ಬೆಳಿಗ್ಗೆ ನಿದ್ದೆಗೆಂದು ಮದ್ಯ ಕುಡಿಯುವವರೂ ಇದ್ದಾರೆ. ಅದು ಬೇಗ ನಿದ್ದೆ ಹತ್ತಿಸಿ, ಎರಡನೆಯ ಅರ್ಧವನ್ನು ಚೂರುಚೂರು ಮಾಡುತ್ತದೆ. ಮೆಲಟೋನಿನ್ ಮಾತ್ರೆಯಿಂದ ಹಗಲು ನಿದ್ದೆ ಸರಾಸರಿ 24 ನಿಮಿಷ ಹೆಚ್ಚಬಹುದು ಎಂಬುದಷ್ಟೇ ಈವರೆಗಿನ ಪುರಾವೆ. ಕತ್ತಲೆ ಕೋಣೆಯೇ ಅದಕ್ಕಿಂತ ಮೇಲು. ನಿದ್ದೆ ಮಾತ್ರೆಯನ್ನು ಮಾತ್ರ ನೀವಾಗಿಯೇ ಶುರು ಮಾಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಶುಗರ್ ಅಲ್ಲ, ಆ ನಲವತ್ತು ನಿಮಿಷದ ಬೈಕ್ ದಾರಿ. ಶುಗರ್ ಹಾನಿ ಮಾಡಲು ವರ್ಷಗಳು ಬೇಕು, ಇದಕ್ಕೆ ಮೂರು ಸೆಕೆಂಡ್ ಸಾಕು. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ದೇಹದ ಉಷ್ಣತೆ ಅತಿ ಕೆಳಮಟ್ಟದಲ್ಲಿರುತ್ತದೆ, ಎಚ್ಚರವೂ ಅಷ್ಟೇ. ಆ ಹೊತ್ತಿಗೆ ಚಳಿ ಹತ್ತಿದಂತಾಗುವುದು, ಓದಿದ ಸಾಲನ್ನೇ ಮತ್ತೆ ಓದುವುದು, ಯಂತ್ರದ ಗುಂಡಿ ಒತ್ತಿದೆನೋ ಇಲ್ಲವೋ ಎಂದು ಅನುಮಾನ ಬರುವುದು ಎಲ್ಲ ಅದರ ಗುರುತು. ಆರು ಗಂಟೆಗೆ ಹೊರಬಿದ್ದಾಗ ಬೆಳಕು, ಗಾಳಿ ತಾಗಿ ಎಚ್ಚರವಾದಂತೆ ಅನ್ನಿಸುತ್ತದೆ. ಇಪ್ಪತ್ತು ನಿಮಿಷದಲ್ಲಿ ಅದು ಕರಗುತ್ತದೆ. ಕಣ್ಣು ತೆರೆದಿದ್ದರೂ ಮೆದುಳು ಕೆಲವು ಸೆಕೆಂಡ್ ನಿದ್ರಿಸಿಬಿಡುವ ಸ್ಥಿತಿ ಇದೆ, ಅದು ಬಂದದ್ದು ಸವಾರನಿಗೇ ಗೊತ್ತಾಗುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಬೈಕ್ 40 ಮೀಟರ್ ಮುಂದೆ ಹೋಗಿರುತ್ತದೆ. ರಾತ್ರಿ ಪಾಳಿ ಮಾಡುವ 16 ಜನರನ್ನು ಪಾಳಿ ಮುಗಿದ ಮೇಲೆ ಮುಚ್ಚಿದ ಟ್ರ್ಯಾಕ್‌ನಲ್ಲಿ ಕಾರು ಓಡಿಸಲು ಬಿಟ್ಟ ಪ್ರಯೋಗದಲ್ಲಿ ಆರು ಜನ ಅಪಘಾತದ ಅಂಚಿಗೆ ಹೋದರು. ಅದೇ ಜನ ರಾತ್ರಿ ಮಲಗೆದ್ದು ಓಡಿಸಿದಾಗ ಒಬ್ಬರೂ ಹಾಗಾಗಲಿಲ್ಲ.

ರಾತ್ರಿ ಪಾಳಿಯ ವಾರದಲ್ಲಿ ಬೇರೆಯವರು ಓಡಿಸುವ ವಾಹನದಲ್ಲಿ ಹೋಗಲು ಸಾಧ್ಯವಿದ್ದರೆ ಖರ್ಚು ನೋಡಬೇಡಿ. ಸಾಧ್ಯವೇ ಇಲ್ಲವೆಂದಾದರೆ ಹೊರಡುವ ಮುಂಚೆ ಘಟಕದಲ್ಲೇ 20 ನಿಮಿಷ ಅಲಾರಂ ಇಟ್ಟು ಮಲಗಿ, ಎದ್ದು ಮುಖ ತೊಳೆದು, ಹದಿನೈದು ನಿಮಿಷ ಕಳೆದ ಮೇಲೆ ಹೊರಡಿ. ಎದ್ದ ಕೂಡಲೇ ಮಂಪರು ಇರುತ್ತದೆ, ಅದು ಇಳಿಯಬೇಕು. ದಾರಿಯಲ್ಲಿ ರೆಪ್ಪೆ ಭಾರವಾದರೆ, ಹಿಂದಿನ ಒಂದು ಕಿಲೋಮೀಟರ್ ದಾಟಿದ್ದು ನೆನಪಿಲ್ಲದಿದ್ದರೆ ಆ ಕ್ಷಣವೇ ನಿಲ್ಲಿಸಿ. ಹೆಲ್ಮೆಟ್ ಗಾಜು ಮೇಲೆತ್ತುವುದು, ಹಾಡು ಹೇಳಿಕೊಳ್ಳುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೆಳಗಿನ ಬೆಳಕಿನಿಂದ ಪಾರಾಗಲು ಕಪ್ಪು ಕನ್ನಡಕ ಹಾಕಿ ಎಂಬ ಸಲಹೆ ಬಸ್ಸಿನಲ್ಲಿ ಹೋಗುವವರಿಗೆ ಸರಿ, ತೂಕಡಿಸುತ್ತಾ ಓಡಿಸುವವರಿಗೆ ಅಲ್ಲ. ಇದೇ ಇಪ್ಪತ್ತು ನಿಮಿಷದ ನಿದ್ದೆ ಪಾಳಿಯ ನಡುವೆ ಎರಡರ ಸುಮಾರಿಗೂ ಸಿಕ್ಕರೆ ಕೊನೆಯ ಗಂಟೆಗಳು ಸುರಕ್ಷಿತವಾಗುತ್ತವೆ, ಆಗಲೂ ಎದ್ದು ಹದಿನೈದು ನಿಮಿಷ ಯಂತ್ರ ಮುಟ್ಟಬೇಡಿ.

ಹೃದಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿದ್ದೆಯಲ್ಲಿ ರಕ್ತದೊತ್ತಡ ಶೇ 10–20 ಇಳಿಯಬೇಕು. ಹಗಲು ನಿದ್ದೆಯಲ್ಲಿ ಆ ಇಳಿತ ಕಡಿಮೆ. 34 ಅಧ್ಯಯನಗಳ 20 ಲಕ್ಷ ಜನರ ಮಾಹಿತಿಯನ್ನು ಸೇರಿಸಿ ನೋಡಿದ 2012ರ ವಿಶ್ಲೇಷಣೆಯಲ್ಲಿ, ಪಾಳಿ ಕೆಲಸಗಾರರಲ್ಲಿ ಹೃದಯಾಘಾತ ಶೇ 23ರಷ್ಟು ಹೆಚ್ಚು ಕಂಡಿತು. ಧೂಮಪಾನ ಅದರ ಮುಂದೆ ಬಹಳ ದೊಡ್ಡ ಅಪಾಯ. ರಾತ್ರಿ ಎಚ್ಚರಕ್ಕೆಂದು ಸಿಗರೇಟು ಹಚ್ಚುವ ಅಭ್ಯಾಸ ಇದ್ದರೆ ಮೊದಲು ಬಿಡಬೇಕಾದ್ದು ಅದು. ಕ್ಯಾನ್ಸರ್ ಬಗ್ಗೆ ನೀವು ಕೇಳದಿದ್ದರೂ ಜನ ಹೆದರುತ್ತಾರೆ, ಅದಕ್ಕೆ ಈ ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಕೆಲವರಂತೂ ರಾತ್ರಿ ಪಾಳಿಯಿಂದ ವಿನಾಯಿತಿ ಕೇಳಲೇಬೇಕು: ಮೂರ್ಛೆರೋಗ ಇರುವವರು, ಬೈಪೋಲಾರ್ ಕಾಯಿಲೆಯವರು, ಇನ್ಸುಲಿನ್ ಮೇಲಿದ್ದೂ ಶುಗರ್ ಹತೋಟಿಗೆ ಬಾರದವರು. ಮೊದಲೆರಡರಲ್ಲಿ ನಿದ್ದೆಗೇಡು ನೇರವಾಗಿ ಕಾಯಿಲೆಯನ್ನು ಕೆರಳಿಸುತ್ತದೆ. ಗರ್ಭಿಣಿಯರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ರಾತ್ರಿ ಬೇಡ ಎನ್ನುತ್ತಾರೆ ತಜ್ಞರು. ಜೋರಾಗಿ ಗೊರಕೆ ಹೊಡೆಯುವವರು, ಏಳು ಗಂಟೆ ಮಲಗಿದರೂ ತೂಕಡಿಸುವವರು ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಂತುಹೋಗುವ ಕಾಯಿಲೆ) ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು, ಅದನ್ನು ಪಾಳಿಯ ದಣಿವೆಂದುಕೊಂಡು ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಇಷ್ಟೆಲ್ಲ ನಿಮ್ಮ ಕೈಯಲ್ಲಿರುವುದು. ಆದರೆ ನೀವು ಮಾಮೂಲಿ ಎಂಬಂತೆ ಬರೆದ ಪಾಳಿಯ ಕ್ರಮವೇ ತಪ್ಪು, ಅದನ್ನು ನೀವು ಎಷ್ಟು ಮಲಗಿದರೂ ಸರಿಪಡಿಸಲಾಗದು. ರಾತ್ರಿ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಿಗ್ಗೆ ಎಂದು ಹಿಮ್ಮುಖವಾಗಿ ತಿರುಗುತ್ತಿದ್ದೀರಿ. ಪ್ರತಿ ವಾರ ಹಿಂದಿನ ವಾರಕ್ಕಿಂತ ಎಂಟು ಗಂಟೆ ಬೇಗ ಏಳಬೇಕು. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಮ್ಮುಖ ಕ್ರಮ ಅದಕ್ಕೇ ಮೇಲು. ವಾರದ ಲೆಕ್ಕವೂ ಕೆಟ್ಟದ್ದೇ: ಗಡಿಯಾರ ಅಲುಗಾಡಲು ಸಾಕಷ್ಟು ಉದ್ದ, ನೆಲೆಗೊಳ್ಳಲು ತೀರಾ ಚಿಕ್ಕದು. ಒಂದೇ ಸಮ ಮೂರಕ್ಕಿಂತ ಹೆಚ್ಚು ರಾತ್ರಿ ಬೇಡ, ಪಾಳಿ ಒಂಬತ್ತು ಗಂಟೆ ಮೀರುವುದು ಬೇಡ, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವಿರಲಿ ಎಂಬುದು 2020ರಲ್ಲಿ ತಜ್ಞರು ಕೊಟ್ಟ ಶಿಫಾರಸು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯಲ್ಲಿ ಅಪಘಾತ, ಗಾಯಗಳ ಅಪಾಯ ಮೊದಲ ರಾತ್ರಿಗಿಂತ ಮೂರನೆಯ ರಾತ್ರಿ ಶೇ 17, ನಾಲ್ಕನೆಯ ರಾತ್ರಿ ಶೇ 36 ಹೆಚ್ಚಿತ್ತು. ಆಡಳಿತ ವರ್ಗದ ಎದುರು ಇಡಬೇಕಾದ ಅಂಕಿ ಇದು, ಯಂತ್ರದ ಬಳಿಯ ಗಾಯ ಅವರಿಗೂ ನಷ್ಟವೇ. ಒಬ್ಬರೇ ಹೋಗಬೇಡಿ, ಪಾಳಿಯವರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳಿ. ಮೂರು ತಿಂಗಳು ಪ್ರಯೋಗವಾಗಿ ಮುಮ್ಮುಖ ಕ್ರಮವನ್ನು ಜಾರಿಗೆ ತನ್ನಿ ಎಂದರೆ ಒಪ್ಪುವುದು ಸುಲಭ. ರಾತ್ರಿ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ಒಪ್ಪಂದ, ಕೆಲಸಗಾರ ಕೇಳಿದಾಗ ಉಚಿತ ಆರೋಗ್ಯ ತಪಾಸಣೆ ಸಿಗಬೇಕು ಎನ್ನುತ್ತದೆ. ನಿಮ್ಮ ದೇಶ ಅದನ್ನು ಅಂಗೀಕರಿಸಿದೆಯೇ, ನಿಮ್ಮಲ್ಲಿನ ಕಾರ್ಮಿಕ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡಿಕೊಂಡು ಅರ್ಜಿ ಬರೆಯಿರಿ.

ವೈದ್ಯರ ಬಳಿ ಹೋಗುವ ಮುಂಚೆ ಹದಿನಾಲ್ಕು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಪಾಳಿ, ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಕೊನೆಯ ಕಾಫಿ ಯಾವಾಗ, ಊಟ ಯಾವಾಗ, ಕೆಲಸದಲ್ಲೋ ದಾರಿಯಲ್ಲೋ ತೂಕಡಿಸಿದ್ದು ಎಷ್ಟು ಸಲ. ಅದರಲ್ಲಿ ರಾತ್ರಿ ಪಾಳಿಯ ಒಂದು ವಾರ ಇರಲೇಬೇಕು. ಮೂರು ತಿಂಗಳಿಗೂ ಹೆಚ್ಚು ಕಾಲ ಇದೇ ಸ್ಥಿತಿ ಇದ್ದರೆ ಅದನ್ನು ಪಾಳಿ ಕೆಲಸದ ನಿದ್ರಾ ಕಾಯಿಲೆ ಎಂದೇ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆ ಇದೆ. ಎಚ್‌ಬಿಎ1ಸಿ, ಕೊಲೆಸ್ಟರಾಲ್, ಬಿ.ಪಿ. ಮತ್ತು ಸೊಂಟದ ಸುತ್ತಳತೆಯನ್ನೂ ಅದೇ ಭೇಟಿಯಲ್ಲಿ ನೋಡಿಸಿ. ಹೊಸ್ತಿಲ ಶುಗರ್ ಖಚಿತವಾದರೆ ಇವನ್ನು ವರ್ಷಕ್ಕೊಮ್ಮೆ ಮಾಡಿಸುತ್ತಿರಿ, ಪ್ರತಿ ಸಲವೂ ರಾತ್ರಿ ಮಲಗೆದ್ದ ದಿನವೇ.